ಗೋಡೆಗೆ ಮುಖ ಮಾಡಿದ್ದ ಹಂಡೆ

ಬೆಳಗಿನ ಆರು ಗಂಟೆ. ಆಳಂದದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಒಂದು ಕಾಲಕ್ಕೆ ಕಾಳಿನ ಅಂಗಡಿಯಾಗಿದ್ದ ಕೋಣೆಯ ಮುಂದೆ ಜೀನತ ಕುಕ್ಕರಗಾಲಲ್ಲಿ ಕುಳಿತು ತಾಮ್ರದ ಹಂಡೆ ತಿಕ್ಕುತ್ತಿದ್ದಾರೆ. ಹುಣಸೆಹಣ್ಣು, ಬೂದಿ, ಒಂದು ಹಿಡಿ ನಾರು. ಹಂಡೆಯ ಹೊಟ್ಟೆಯನ್ನು ಭರಭರ ತಿಕ್ಕುವ ಕೈ ಕಂಠದ ಹತ್ತಿರ ಬಂದಾಗ ನಿಧಾನವಾಗುತ್ತದೆ. ಅಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಒಂದು ಸಾಲು ಉರ್ದು ಅಕ್ಷರಗಳಿವೆ. ಅದನ್ನು ಸೆರಗಿನ ತುದಿಯಿಂದ ಒರೆಸಿ, ಹಂಡೆಯನ್ನು ಒಳಗೆ ಒಯ್ದು, ಆ ಅಕ್ಷರಗಳು ಬಾಗಿಲಿಗೆ ಕಾಣುವಂತೆ ತಿರುಗಿಸಿಟ್ಟು ನೀರು ತುಂಬುತ್ತಾರೆ. ಕೋಣೆಗೆ ಬಂದವರು ಕುಡಿಯುವುದು ಈ ನೀರನ್ನೇ.

"ಈ ಹಂಡೇದ ಮುಂದ ನಿಂತು ನಾ ಒಂದು ಸುಳ್ಳು ಹೇಳೇನ್ರಿ. ಅದಕ್ಕ ಯಾವಾಗ್ಲೂ ನಾನೇ ತಿಕ್ತೇನಿ. ಬ್ಯಾರೆಯವ್ರಿಗೆ ಕೊಡೂದಿಲ್ಲ," ಎನ್ನುತ್ತಾರೆ ಜೀನತ. ಹಾಗೆ ಹೇಳುವಾಗ ಅವರು ಎದುರಿನವರ ಮುಖ ನೋಡುವುದಿಲ್ಲ.

ನಲವತ್ಮೂರು ವರ್ಷದ ಜೀನತ ಆಪ್ತಸಮಾಲೋಚಕಿ. ಈ ಕಡೆ ಕೌನ್ಸೆಲಿಂಗ್ ಅಂದರೆ ಕಾಲೇಜಿನ ಸೀಟು ಹಂಚುವುದು ಎಂದೇ ಜನರ ತಿಳಿವಳಿಕೆ. ಹಾಗಾಗಿ ಮೊದಮೊದಲು ಅವರ ಬಾಗಿಲಿಗೆ ಬಂದವರೆಲ್ಲ ಅಂಕಪಟ್ಟಿ ಹಿಡಿದುಕೊಂಡು ಬಂದವರೇ. ಒಂದು ಸಣ್ಣ ಸೇವಾಸಂಸ್ಥೆ ಅವರಿಗೆ ಮೂರು ತಾಲ್ಲೂಕುಗಳ ಜವಾಬ್ದಾರಿ ವಹಿಸಿ ಹನ್ನೊಂದು ವರ್ಷವಾಯಿತು. ಸೋಮವಾರ ಆಳಂದ, ಬುಧವಾರ ಅಫಜಲಪುರ, ಶುಕ್ರವಾರ ಜೇವರ್ಗಿ. ಉಳಿದ ದಿನ ಹಳ್ಳಿಗಳು. ದಿನಕ್ಕೆ ಎಂಟರಿಂದ ಹತ್ತು ಮಂದಿ ಬರುತ್ತಾರೆ. ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ ಎಂಬ ಲೆಕ್ಕವಿದೆ, ಆದರೆ ಅದು ಪಾಲನೆಯಾದ ದಿನ ಅವರ ನೆನಪಿಗೆ ಬರುತ್ತಿಲ್ಲ.

ಜನ ಅವರನ್ನು ಕರೆಯುವುದು 'ಬ್ಯಾಳಿ ಆಪಾ', ಅಂದರೆ ಬೇಳೆ ಅಕ್ಕ, ಎಂದು. ಅದಕ್ಕೆ ಕಾರಣ ಕೋಣೆಯ ಮೂಲೆಯಲ್ಲಿ ಒರಗಿಸಿಟ್ಟ ನಾಲ್ಕು ಬಿದಿರಿನ ಮೊರಗಳು, ಇಲ್ಲಿಯವರ ಬಾಯಲ್ಲಿ 'ಮರ', ಮತ್ತು ಒಂದು ಚೀಲ ತೊಗರಿಬೇಳೆ. ಬಂದವರ ತೊಡೆಯ ಮೇಲೆ ಮೊದಲು ಒಂದು ಮರ, ಅದರ ತುಂಬ ಬೇಳೆ. ಹರಳು ಆರಿಸಬೇಕು. ಜೀನತ ಪಕ್ಕದಲ್ಲಿ ಕುಳಿತು ತಮ್ಮ ಮರದ ಬೇಳೆ ಆರಿಸುತ್ತಾರೆ. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ.

"ತರಬೇತಿಯೊಳಗ ಎದುರಾ ಎದುರು ಕುರ್ಚಿ ಹಾಕ್ರಿ, ಕಣ್ಣಾಗ ಕಣ್ಣಿಟ್ಟು ಕೇಳ್ರಿ ಅಂತ ಕಲಿಸಿದ್ರು. ನಮ್ಮ ಮಂದಿ ಕಣ್ಣು ನೋಡಿದ್ರ ಹೇಳೂದು ನುಂಗಿಬಿಡ್ತಾರ್ರಿ. ಕೈಗೆ ಕೆಲಸ ಕೊಟ್ಟು ನೋಡ್ರಿ, ಬಾಯಿ ತಾನೇ ಬಿಚ್ತದ," ಎನ್ನುತ್ತಾರೆ. ಆರಿಸಿದ ಬೇಳೆ ಓಣಿಯ ಬಡ ಬಾಣಂತಿಯರ ಮನೆಗೆ ಹೋಗುತ್ತದೆ. ಕಡಗಂಚಿಯ ವಿಶ್ವವಿದ್ಯಾಲಯದಿಂದ ಆಗಾಗ ಹುಡುಗಿಯರು ಈ ಪದ್ಧತಿ ನೋಡಲು ಬರುತ್ತಾರೆ, ನೋಟ್‌ಬುಕ್ ಪಕ್ಕಕ್ಕಿಟ್ಟು ತಾವೂ ಹರಳು ಆರಿಸಿ ಹೋಗುತ್ತಾರೆ.

ಬರುವವರ ದೂರು ಸಾಮಾನ್ಯವಾಗಿ ಎದೆನೋವು, ಕೈನಡುಕ, ನಿದ್ದೆ ಇಲ್ಲದಿರುವುದು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಎಂದು ಕಳಿಸಿದವರು. ಬೇಳೆ ಆರಿಸುತ್ತ ಆರಿಸುತ್ತ ಮಾತು ಹಿಂದೆ ಹಿಂದೆ ಸರಿದು, ಎಷ್ಟೋ ಸಲ ಒಂದೇ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ೧೯೪೮. ಆ ವರ್ಷದ ಮೊದಲ ಭಾಗದಲ್ಲಿ ನಿಜಾಮನ ಪರ ನಿಂತ ರಜಾಕಾರರು ಹಳ್ಳಿಗಳಿಗೆ ನುಗ್ಗಿದರು, ಹಿಂದೂ ಕುಟುಂಬಗಳು ಸಂಸ್ಥಾನದ ಗಡಿ ದಾಟಿ ಸೊಲ್ಲಾಪುರದ ಕಡೆ ಓಡಿದವು. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆದ ಮೇಲೆ ಗಾಳಿ ತಿರುಗಿತು. ಆಗ ಓಡಿದವರು ಮುಸ್ಲಿಮರು, ಸುಲಿಗೆಯಾದದ್ದು ಅವರ ಮನೆಗಳು. ಕಂಡವರು ಮಕ್ಕಳಿಗೆ ಹೇಳಲಿಲ್ಲ, ಮಾಡಿದವರಂತೂ ಮೊದಲೇ ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಈ ಸೀಮೆಯಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೆಲ್ಲೂ ಇರಲಾರರು.

ಎಂಬತ್ಮೂರರ ಹಜರಾಬಿ ಆರು ವರ್ಷದಿಂದ ಪ್ರತಿ ಸೋಮವಾರ ಬರುತ್ತಾರೆ. ಅವರ ಮನೆಯಲ್ಲಿ ಬಾಗಿಲ ಪಕ್ಕ ಸದಾ ಒಂದು ಗಂಟು ಕಟ್ಟಿಟ್ಟಿರುತ್ತದೆ. ಒಂದು ಚಾದರ, ನಾಲ್ಕು ರೊಟ್ಟಿ, ರೇಷನ್ ಕಾರ್ಡು. ರೊಟ್ಟಿ ಹಳತಾದರೆ ಹೊಸದು ಇಡುತ್ತಾರೆ. ಸೊಸೆಯೂ ಕಟ್ಟುತ್ತಾಳೆ, ಮೊಮ್ಮಗಳೂ ಕಟ್ಟುತ್ತಾಳೆ, ಯಾಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಆರು ವರ್ಷದ ಹುಡುಗಿಯಾಗಿದ್ದಾಗ ಭೂಸನೂರದ ಆಚೆಯ ತಮ್ಮ ಹಳ್ಳಿಯಿಂದ ಬರಿಗೈಲಿ ಓಡಿಬಂದದ್ದನ್ನೂ, ತಾಯಿ ನಜಮುನ್ನಿಸಾ ಹಿಂದೆಯೇ ಉಳಿದುಹೋದದ್ದನ್ನೂ ಹಜರಾಬಿ ಮೊದಲ ಸಲ ಹೇಳಿದ್ದು ಈ ಕೋಣೆಯಲ್ಲಿ, ಮರದ ಮೇಲೆ ತಲೆ ಬಗ್ಗಿಸಿಕೊಂಡು.

ಅದೇ ಹಳ್ಳಿಯಿಂದ ಮೂರು ವರ್ಷದ ಹಿಂದೆ ಧರ್ಮಣ್ಣ ಬಂದರು. ಎಪ್ಪತ್ತೆರಡರ ಕಬ್ಬಿನ ರೈತ, ಕೈ ನಡುಗುತ್ತಿತ್ತು. ಅವರ ಹೆಸರನ್ನು ಇಲ್ಲಿ ಹಾಕಿರುವುದು ಅವರೇ ಹೇಳಿದ್ದರಿಂದ. "ಹಾಕ್ರಿ. ಮುಚ್ಚಿಡೂದು ಸಾಕಾಗ್ಯಾದ," ಎಂದರು.

ಧರ್ಮಣ್ಣನ ಬಚ್ಚಲಲ್ಲಿ ಒಂದು ತಾಮ್ರದ ಹಂಡೆಯಿತ್ತು. ಅದನ್ನು ಒಂದು ಬದಿ ಗೋಡೆಗೆ ಮುಖ ಮಾಡಿಯೇ ಇಡಬೇಕು, ಹೊರಗಿನವರ ಕೈಗೆ ಕೊಡಬಾರದು, ಮದುವೆಯ ನೀರಿಗೆ ಬಳಸಬಾರದು ಎಂಬುದು ಮನೆಯ ನೇಮ. ಇದೂ ಒಂದು ದೇವರ ನೇಮವಿರಬೇಕು ಎಂದು ಸೊಸೆಯಂದಿರು ನಡೆಸಿಕೊಂಡು ಬಂದಿದ್ದರು. ಸಾಯುವ ಮುಂಚೆ ಅಪ್ಪ ಧರ್ಮಣ್ಣನನ್ನು ಕರೆದು, "ಹಂಡೆ ನಮ್ಮದಲ್ಲ, ಗದ್ದಲದಾಗ ತಂದದ್ದು," ಎಂದಷ್ಟೇ ಹೇಳಿ ಮಗ್ಗುಲಾಗಿದ್ದರು. ಅಂದಿನಿಂದ ಆ ಹಂಡೆಯ ನೀರು ಮೈಮೇಲೆ ಬಿದ್ದಾಗೆಲ್ಲ ಮಗನಿಗೆ ನಡುಕ.

ಧರ್ಮಣ್ಣ ಹಂಡೆಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದು ಜೀನತ ಅವರ ಮುಂದಿಟ್ಟರು. "ಬಾಯಿ, ನಿಮಗ ಉರ್ದು ಬರ್ತದಲ್ರಿ. ಇದು ಯಾರ ಹೆಸರು, ಓದಿ ಹೇಳ್ರಿ. ಅವರ ಮಂದಿ ಇದ್ರ ಕೊಟ್ಟು ಕಾಲಿಗೆ ಬೀಳ್ತೇನಿ."

ಜೀನತ ಓದಿದರು. ನಜಮುನ್ನಿಸಾ, ಅದರ ಮುಂದೆ ಊರಿನ ಹೆಸರು. ಗೊತ್ತಾಗಲು ಅರೆಗಳಿಗೆಯೂ ಬೇಕಾಗಲಿಲ್ಲ. ತಲೆ ಎತ್ತದೆಯೇ ಹೇಳಿದರು: "ಸವದು ಹೋಗ್ಯಾದ್ರಿ. ಓದಾಕ ಬರೂದಿಲ್ಲ."

ಹಜರಾಬಿಯ ಗುಟ್ಟು ಕಾಪಾಡಿದೆ ಎಂದು ಆಗ ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡರಂತೆ. ಅದು ಅರ್ಧ ನಿಜ. ಪೂರ್ತಿ ನಿಜ ಹೇಳುವಾಗ ಅವರ ಕೈಯಲ್ಲಿನ ಬೇಳೆ ನಿಂತುಬಿಡುತ್ತದೆ. "ನಮ್ಮ ದಾದಾ, ಅಬ್ಬಾನ ಅಪ್ಪ, ರಜಾಕಾರ ಇದ್ದ್ರಿ. ಖಾಕಿ ಹಾಕ್ಕೊಂಡ ಫೋಟೋ ನಮ್ಮ ಟ್ರಂಕಿನ ತಳದಾಗ ಅದ. ಯಾವ್ಯಾವ ಊರಿಗಿ ಹೋಗಿದ್ರೋ, ಏನು ಮಾಡಿದ್ರೋ, ಮನ್ಯಾಗ ಯಾರೂ ಬಾಯಿ ಬಿಡೂದಿಲ್ಲ. ಧರ್ಮಣ್ಣನವ್ರು ತಮ್ಮ ಅಪ್ಪನ ತಪ್ಪು ಹೇಳಾಕತ್ತಿದ್ರ, ನನಗ ನಮ್ಮ ದಾದಾನೇ ಎದುರಿಗಿ ಬಂದು ನಿಂತಂಗಾತು. ಹಂಡೇದ ಹೆಸರು ಓದಿದ್ರ ನನ್ನ ಮನಿ ಹೆಸರೂ ಓದಬೇಕಾಗ್ತಿತ್ತು." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವುದು ಇದಕ್ಕೇ. ಊರ ಮಂದಿಗೆಲ್ಲ ಬಾಯಿ ಬಿಚ್ಚಲು ಕಲಿಸುವಾಕೆ ತನ್ನ ಬಾಯಿಗೆ ಬೀಗ ಹಾಕಿಕೊಂಡರು. ಆಮೇಲೆ ಒಂದು ವರ್ಷ, ಪ್ರತಿ ಸೋಮವಾರ ಹಜರಾಬಿಯ ಪಕ್ಕ ಕುಳಿತಾಗಲೆಲ್ಲ ಅವರಿಗೆ ತಮ್ಮ ಬಗ್ಗೆ ಹೇಸಿಗೆಯಾಗುತ್ತಿತ್ತು.

ಧರ್ಮಣ್ಣ ಬರುವುದನ್ನು ನಿಲ್ಲಿಸಿದರು. ಹೆಸರೇ ಇಲ್ಲದ ಹಂಡೆಯನ್ನು ಯಾರಿಗೆ ಕೊಡುವುದು? ಕೊನೆಗೊಂದು ದಿನ ಅವರ ಊರಿನ ಹೆಣ್ಣುಮಗಳೊಬ್ಬಳು ಬೇಳೆ ಆರಿಸುತ್ತ, ಧರ್ಮಣ್ಣ ಮುತ್ಯಾ ಹಾಸಿಗೆ ಹಿಡಿದಿದ್ದಾನೆ, ಬಚ್ಚಲ ಹಂಡೆ ಕರಗಿಸಾಕ ಕೊಡ್ತಾನಂತ ಎಂದಳು. ಜೀನತ ಮರವನ್ನು ಕೆಳಗಿಟ್ಟು, ಕಾಯುತ್ತಿದ್ದವರ ಕ್ಷಮೆ ಕೇಳಿ, ಮೊದಲು ಹೋದದ್ದು ಹಜರಾಬಿಯ ಮನೆಗೆ. ಎಲ್ಲವನ್ನೂ ಹೇಳಿ, ಹೆಸರು ತಿಳಿಸಲು ಒಪ್ಪಿಗೆ ಕೇಳಿದರು. ಮುದುಕಿ ಗಂಟಿನ ಮೇಲೆ ಕೈಯಿಟ್ಟು, "ಹೇಳು ಬೇಟಿ. ಆದ್ರ ಮನಿಗಿ ತರಬ್ಯಾಡ ಅನ್ನು. ನಿನ್ನ ಕೋಣಿಗಿ ತರ್ಲಿ," ಎಂದರು. ಜೀನತ ಅಲ್ಲಿಂದ ನೇರ ಬಸ್ ಹತ್ತಿದರು.

ಧರ್ಮಣ್ಣನ ಹಾಸಿಗೆಯ ಪಕ್ಕ ಕುಳಿತು ಸುಳ್ಳನ್ನೂ ಹೇಳಿದರು, ದಾದಾನ ಖಾಕಿಯನ್ನೂ ಹೇಳಿದರು. ಮುಖಕ್ಕೆ ಉಗುಳಿದರೂ ಒರೆಸಿಕೊಳ್ಳಬೇಕೆಂದೇ ಹೋಗಿದ್ದರಂತೆ. ಧರ್ಮಣ್ಣ ಸೂರು ನೋಡುತ್ತಲೇ ಹೇಳಿದರು: "ನಿಮ್ಮವ್ರು ಬಂದಾಗ ನಮ್ಮಪ್ಪ ಓಡಿದ್ದ. ನಮ್ಮಪ್ಪ ಬಂದಾಗ ಆ ತಾಯಿನ್ನ ಬಿಟ್ಟು ಮಕ್ಕಳು ಓಡಿದ್ರು. ನಾವಿಬ್ರರೆ ಓಡೂದು ಬ್ಯಾಡ್ರಿ ಬಾಯಿ. ನನ್ನ ಎಬ್ಬಿಸಿ ಕೂಡಸ್ರಿ."

ಮುಂದಿನ ಸೋಮವಾರ ಹಂಡೆ ಬಂತು. ಧರ್ಮಣ್ಣ ಹಜರಾಬಿಯ ಕಾಲು ಮುಟ್ಟಲು ಬಗ್ಗಿದರೆ ಆಕೆ ಕಾಲು ಹಿಂದಕ್ಕೆಳೆದುಕೊಂಡರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಈವತ್ತಿಗೂ ಹೇಳಿಲ್ಲ. ಓದು ಬಾರದ ಆಕೆ ಅಕ್ಷರದ ಚುಕ್ಕೆಗಳ ಮೇಲೆ ಬೆರಳಾಡಿಸುತ್ತ ಕೇಳಿದ್ದು ಒಂದೇ ಮಾತು: "ಎಪ್ಪತ್ತು ವರ್ಷದ ಮ್ಯಾಲಾತು. ನಮ್ಮ ಅಮ್ಮಾನ ಹೆಸರು ಇಷ್ಟು ದಿನ ಗ್ವಾಡಿಗಿ ಮಾರಿ ಮಾಡಿ ಕುಂತಿತ್ತೇನು?"

ಧರ್ಮಣ್ಣ ಗೋಣು ಹಾಕಿದರು. ಅಳುತ್ತಿದ್ದರು, ಒರೆಸಿಕೊಳ್ಳಲೂ ನಾಚಿಕೆ. ಮುದುಕಿಯೇ ಒಂದು ಮರ ಎತ್ತಿ ಅವರ ತೊಡೆಯ ಮೇಲಿಟ್ಟರು. ಅರ್ಧ ತಾಸು ಮೂವರೂ ಬೇಳೆ ಆರಿಸಿದರು. ಹೋಗುವಾಗ ಹಜರಾಬಿ, "ಹಂಡೆ ಇಲ್ಲೇ ಇರ್ಲಿ. ಬಂದವ್ರೆಲ್ಲ ನೀರು ಕುಡೀಲಿ. ಹೆಸರು ಬಾಗಲಾಕಡೆ ಮಾಡಿ ಇಡು," ಎಂದರು. ಬಾಗಿಲ ಪಕ್ಕದ ಗಂಟನ್ನು ಅವರಿನ್ನೂ ಬಿಚ್ಚಿಲ್ಲ. ಆದರೆ ಅದರಲ್ಲೇನಿದೆ, ಯಾಕಿದೆ ಎಂದು ಮೊಮ್ಮಗಳಿಗೆ ಈಗ ಗೊತ್ತು. ಧರ್ಮಣ್ಣನ ಕೈ ಇನ್ನೂ ನಡುಗುತ್ತದೆ, ನಿದ್ದೆ ಮಾತ್ರ ಹತ್ತುತ್ತಿದೆಯಂತೆ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಹೊರಗೆ ಇಬ್ಬರು ಬಂದು ಕುಳಿತಿದ್ದಾರೆ. ಒಬ್ಬರು ಹಂಡೆಯ ನೀರು ಬಗ್ಗಿಸಿಕೊಳ್ಳುತ್ತಿದ್ದಾರೆ. ನಿಮಗೇನು ಆಸೆ ಎಂದು ಕೇಳಿದರೆ ಜೀನತ ಮೂಲೆಯಿಂದ ಹೊಸದೊಂದು ಮರ ತೆಗೆದು ತೋರಿಸುತ್ತಾರೆ. ಭಾನುವಾರ ಅದನ್ನು ಜೇವರ್ಗಿಯ ಮನೆಗೆ ಒಯ್ಯುತ್ತಾರಂತೆ. ಅಲ್ಲಿ ಅವರ ತಂದೆ ಅಬ್ದುಲ್ ಗನಿ ಇದ್ದಾರೆ, ಟ್ರಂಕಿನ ತಳದ ಫೋಟೋದಲ್ಲಿರುವವರ ಮಗ. ಎಂಬತ್ತು ದಾಟಿದೆ, ಆ ವಿಷಯ ಒಮ್ಮೆಯೂ ಆಡಿದವರಲ್ಲ.

"ಮಂದಿ ಮುಂದ ಹೇಳೂದು ಆತ್ರಿ. ಮನ್ಯಾಗ ಕೇಳೂದು ಇನ್ನಾ ಉಳದದ," ಎನ್ನುತ್ತ ಜೀನತ ಮರದ ಅಂಚಿನ ಸಿಬಿರು ಸವರುತ್ತಾರೆ. "ಅಬ್ಬಾಗ ಕಣ್ಣು ಮಂಜಾಗ್ಯಾವ, ಒಂದೊಂದು ಹರಳು ಆರಸಾಕ ಭಾಳ ಹೊತ್ತು ಹಿಡೀತದ. ಹಿಡೀಲಿ. ನಾ ಬಾಜೂಕ ಕುಂತಿರ್ತೇನಿ."