ಹತ್ತು ನಿಮಿಷದ ಮೊಟ್ಟೆ

ಬೆಟ್ಟ ದಾಟುವ ರಸ್ತೆಯ ತುತ್ತತುದಿಯ ತಿರುವಿನಲ್ಲಿ ಊಟದ ಅಂಗಡಿ ನಡೆಸುತ್ತಿದ್ದ ಆಕೆಯನ್ನು ಲಾರಿಯವರೆಲ್ಲ ಗಡಿಯಾರದಮ್ಮ ಎಂದೇ ಕರೆಯುತ್ತಿದ್ದರು. ಒಲೆಯ ಪಕ್ಕದ ಗೋಡೆಗೆ ದುಂಡನೆಯ ಗಡಿಯಾರವೊಂದನ್ನು ತೂಗುಹಾಕಿಕೊಂಡು, ಅದರ ಮುಖ ನೋಡದೆ ಒಂದು ಲೋಟ ಚಹಾವನ್ನೂ ಇಳಿಸುತ್ತಿರಲಿಲ್ಲ. "ಅಮ್ಮಾ, ನನ್ನ ಊಟಕ್ಕೆ ಎಷ್ಟು ನಿಮಿಷ ಕೊಟ್ಟಿದೀರಿ?" ಎಂದು ಯಾರಾದರೂ ಕೆಣಕಿದರೆ, "ತಿನ್ನೋಕೆ ಹದಿನೈದು, ಹರಟೆಗೆ ಒಂದೂ ಇಲ್ಲ. ಏಳಪ್ಪ, ಹಿಂದೆ ಜನ ನಿಂತಿದಾರೆ" ಎನ್ನುವಳು.

ಆ ಅಭ್ಯಾಸ ಹತ್ತಿದ್ದು ಬಯಲಿನ ದೊಡ್ಡ ಆಸ್ಪತ್ರೆಯ ಅಡುಗೆಮನೆಯಲ್ಲಿ. ಎಂಟು ವರ್ಷ ಅಲ್ಲಿ ರೋಗಿಗಳಿಗೆ ಬೆಳಗಿನ ಮೊಟ್ಟೆ ಬೇಯಿಸುವುದೇ ಅವಳ ಕೆಲಸ. ನೀರು ಕುದಿ ಬಂದ ಮೇಲೆ ಹತ್ತು ನಿಮಿಷ, ಆಮೇಲೆ ತಣ್ಣೀರು. ದಿನಕ್ಕೆ ಮುನ್ನೂರು ಮೊಟ್ಟೆ ಬೇಯಿಸಿದರೂ ಒಂದರಲ್ಲೂ ಹಸಿ ಉಳಿದದ್ದಿಲ್ಲ. ಓದು ಮೂರನೇ ಕ್ಲಾಸಿಗೆ ನಿಂತಿದ್ದ ಹೆಂಗಸಿಗೆ ಇದೊಂದು ವಿದ್ಯೆ ಕರಗತವಾಗಿತ್ತು. ಅದರ ಮೇಲೆ ಜಂಬವೂ ಇತ್ತು.

ಗಂಡನಿಗೆ ಬೆಟ್ಟದ ಮೇಲೆ ಹಿಮ ತೆಗೆಯುವ ಯಂತ್ರಗಳ ರಿಪೇರಿ ಕೆಲಸ ಸಿಕ್ಕಿದಾಗ ಇಬ್ಬರೂ ಮೇಲೆ ಬಂದರು. ಅದೆಂಥ ಎತ್ತರವೆಂದರೆ, ಕೆಳಗಿನಿಂದ ಬಂದ ಬಿಸ್ಕತ್ತಿನ ಪೊಟ್ಟಣ ಅಲ್ಲಿಗೆ ತಲುಪುವಷ್ಟರಲ್ಲಿ ಬಲೂನಿನಂತೆ ಉಬ್ಬಿರುತ್ತಿತ್ತು. ಮೊದಲ ಮೂರು ದಿನ ಅವಳಿಗೆ ತಲೆ ಎತ್ತಲಾಗಲಿಲ್ಲ. ಆಗ ಎರಡು ತಿರುವು ಕೆಳಗಿನ ಮನೆಯಿಂದ ಒಬ್ಬ ಹೆಂಗಸು ಬಂದು, ಶುಂಠಿ ಹಾಕಿದ ಬಿಸಿನೀರು ಕುಡಿಸಿ, "ಸುಮ್ನೆ ಮಲ್ಕೋ ತಂಗಿ. ಈ ಬೆಟ್ಟ ಹೊಸಬರನ್ನ ಹೀಗೇ ಸತಾಯಿಸುತ್ತೆ" ಎಂದಳು. ಸುತ್ತಲಿನವರೆಲ್ಲ ಅವಳನ್ನು ಮೊಟ್ಟೆಯಕ್ಕ ಎನ್ನುತ್ತಿದ್ದರು. ಗಂಡ ತೀರಿಹೋದ ಮೇಲೆ ನಲವತ್ತು ಕೋಳಿ ಸಾಕಿ, ಅದರಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸುತ್ತಿದ್ದವಳು. ಮೊಟ್ಟೆ ಚಳಿಗೆ ಹೆಪ್ಪುಗಟ್ಟಿ ಒಡೆಯಬಾರದೆಂದು ತನ್ನ ಶಾಲನ್ನೇ ಬುಟ್ಟಿಗೆ ಹೊದಿಸಿ, ತಾನು ನಡುಗುತ್ತಾ ಹತ್ತಿ ಬರುತ್ತಿದ್ದಳು.

ನಾಲ್ಕು ಬೆಂಚು, ತಗಡಿನ ಸೂರು, ಎರಡು ಒಲೆ. ಅಂಗಡಿ ಶುರುವಾಯಿತು; ಅಲ್ಲಿಗೆ ಮೊಟ್ಟೆ ಮೊಟ್ಟೆಯಕ್ಕನದೇ. ಅನ್ನ, ಬೇಳೆ ಎಲ್ಲ ಕುಕ್ಕರಿನಲ್ಲಿ ಬೇಯುತ್ತಿದ್ದುದರಿಂದ ಅಲ್ಲಿ ಏನೂ ಎಡವಟ್ಟಾಗಲಿಲ್ಲ. ಮೊಟ್ಟೆ ಮಾತ್ರ ತೆರೆದ ಪಾತ್ರೆಯಲ್ಲಿ ಹತ್ತೇ ನಿಮಿಷ. ಸುಲಿದರೆ ಬಿಳಿಯೆಲ್ಲ ಸಿಪ್ಪೆಗೇ ಅಂಟಿ ಬರುತ್ತಿತ್ತು. ಕಚ್ಚಿದರೆ ಹಳದಿ ಗಲ್ಲದ ಮೇಲೆ ಇಳಿಯುತ್ತಿತ್ತು.

"ಅಮ್ಮಾ, ಇದನ್ನ ತಿನ್ನೋದೋ ಕುಡಿಯೋದೋ?" ಎಂದ ಒಬ್ಬ ಚಾಲಕ. "ಇನ್ನೆರಡು ದಿನ ಬಿಟ್ಟಿದ್ರೆ ಮರಿಯಾಗಿ ಅದೇ ನಡ್ಕೊಂಡು ಬರ್ತಿತ್ತು" ಎಂದ ಇನ್ನೊಬ್ಬ. ಅಂಗಡಿಯೆಲ್ಲ ನಕ್ಕಿತು. ಗಡಿಯಾರದಮ್ಮನ ಕಿವಿ ಕೆಂಪಾಯಿತು.

ಮರುದಿನ ಮೊಟ್ಟೆಯಕ್ಕ ಬಂದಾಗ ಗಡಿಯಾರದಮ್ಮ ವಿಷಯ ತೆಗೆದಳು. ಮೊಟ್ಟೆಯಕ್ಕ ನಕ್ಕು, "ಇನ್ನೂ ಸ್ವಲ್ಪ ಹೊತ್ತು ಬಿಡು ತಂಗಿ. ಇಲ್ಲಿನ ನೀರಿಗೆ ಕೋಪ ಬೇಗ ಬರುತ್ತೆ, ಬಿಸಿ ಮಾತ್ರ ಕಮ್ಮಿ. ಕುದಿಯೋದು ನೋಡಿ ಮೋಸ ಹೋಗ್ಬೇಡ" ಎಂದಳು.

ಮುನ್ನೂರು ಮೊಟ್ಟೆಯ ಕೈಗೆ ಈ ಮಾತು ರುಚಿಸಲಿಲ್ಲ. ಕುದಿಯುವ ನೀರು ಎಲ್ಲಿದ್ದರೂ ಕುದಿಯುವ ನೀರೇ ಅಲ್ಲವೇ? ಹಳೆಯ ಮಾಲು ಸಾಗಿಸಲು ಇದೊಂದು ನೆಪ ಎಂದುಕೊಂಡಳು. ಆ ವಾರವೆಲ್ಲ ನಗೆಚಾಟಿಕೆ ಮುಂದುವರಿಯಿತು. ಕೊನೆಗೊಂದು ಮಧ್ಯಾಹ್ನ, ಹದಿನಾಲ್ಕು ಜನ ಬೆಂಚುಗಳ ಮೇಲೆ ಕೂತಿದ್ದಾಗಲೇ ಮೊಟ್ಟೆಯಕ್ಕ ಬುಟ್ಟಿ ಹೊತ್ತು ಒಳಗೆ ಬಂದಳು. ಗಡಿಯಾರದಮ್ಮ ಬೇಯಿಸಿದ ಮೊಟ್ಟೆಯೊಂದನ್ನು ಅವಳ ಮುಂದೆಯೇ ತಟ್ಟೆಗೆ ಒಡೆದಳು. ಹಳದಿ ಹರಿಯಿತು.

"ನೋಡಿ, ಎಲ್ಲರೂ ನೋಡಿ! ನನ್ನ ಕೈಯಲ್ಲಿ ದೋಷ ಇಲ್ಲ. ಏನಮ್ಮಾ, ನಿನ್ನ ಕೋಳಿ ಮೊಟ್ಟೆ ಇಡುತ್ತೋ, ಕೊಳೆತ ನೀರು ಇಡುತ್ತೋ? ನಾಳೆಯಿಂದ ಈ ಬುಟ್ಟಿ ನನ್ನ ಬಾಗಿಲಿಗೆ ತರಬೇಡ."

ಅಕ್ಕ ಎನ್ನುತ್ತಿದ್ದವಳು ಏನಮ್ಮಾ ಎಂದದ್ದಕ್ಕೋ ಏನೋ, ಮೊಟ್ಟೆಯಕ್ಕನ ಮುಖ ಸಣ್ಣಗಾಯಿತು. ಬುಟ್ಟಿಯ ಮೇಲೆ ಶಾಲನ್ನು ಸರಿಮಾಡಿ ಇಳಿದು ಹೋದಳು.

ಆಮೇಲೆ ಬಯಲಿನಿಂದ ಬಸ್ಸಿನಲ್ಲಿ ಮೊಟ್ಟೆ ತರಿಸಿದ್ದಾಯಿತು. ಮೂರನೆಯ ದಿನ ಬೆಳಿಗ್ಗೆ ಅವು ಬಂದವು. ಗಡಿಯಾರದಮ್ಮ ಒಂದನ್ನು ಹತ್ತು ನಿಮಿಷ ಬೇಯಿಸಿ, ದಾರ ಹಿಡಿದು ಎರಡು ಹೋಳು ಮಾಡಿದಳು. ಒಳಗೆ ಅದೇ ಹಸಿ, ಅದೇ ಹರಿಯುವ ಹಳದಿ. ಇಲ್ಲಿನ ನೀರಿನ ಬಿಸಿ ಕಮ್ಮಿ ಎಂದು ಮೊಟ್ಟೆಯಕ್ಕ ಹೇಳಿದ್ದು ನೆನಪಾಯಿತು. ಇನ್ನೊಂದನ್ನು ಇಪ್ಪತ್ತು ನಿಮಿಷ ಕುದಿಸಿದಳು. ಸಿಪ್ಪೆ ಸಲೀಸಾಗಿ ಜಾರಿತು; ಹಳದಿ ಗಟ್ಟಿಯಾಗಿ, ಪುಡಿಪುಡಿಯಾಗಿ ಬಂತು.

ಮಧ್ಯಾಹ್ನ ಹಾಗೇ ಬೇಯಿಸಿದ ಮೊಟ್ಟೆಗಳನ್ನು ತಿಂದ ಚಾಲಕರು, "ಬಯಲಿನ ಮೊಟ್ಟೆ ಅಂದ್ರೆ ಬಯಲಿನದೇ ಬಿಡ್ರಿ! ಆ ಹೆಂಗಸು ಇಷ್ಟು ದಿನ ನಿಮ್ಮ ಕಣ್ಣಿಗೆ ಮಣ್ಣು ಹಾಕಿದ್ಲು" ಎಂದರು. ಆಗ ಒಂದೇ ಒಂದು ಮಾತು ಸಾಕಿತ್ತು. ಆದರೆ ಅಂಗಡಿಯೆಲ್ಲ ಮತ್ತೆ ನಗುವುದು ಕಣ್ಣಿಗೆ ಕಟ್ಟಿ, "ಉಪ್ಪು ಬೇಕಾ?" ಎಂದು ಕೇಳಿ ಒಳಗೆ ಹೋದಳು.

ನಾಳೆ ಹೋಗಿ ಹೇಳಿದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಸುದ್ದಿ ಲಾರಿ ಹತ್ತಿ ಬೆಟ್ಟದ ಎರಡೂ ಕಡೆ ಇಳಿದುಹೋಗಿತ್ತು. ರಸ್ತೆ ಕೆಲಸದ ಬಿಡಾರದವರು ಮೊಟ್ಟೆಯಕ್ಕನ ಬುಟ್ಟಿ ಬೇಡವೆಂದರು, ಕೆಳಗಿನ ಅಂಗಡಿಯವನೂ ಬೇಡವೆಂದ. ಚಳಿಗಾಲಕ್ಕೆ ಮುಂಚೆಯೇ ಕೋಳಿಗೂಡು ಖಾಲಿಯಾಯಿತು. ಹಿಮ ಕರಗಿದ ಮೇಲೆ ಮೊಟ್ಟೆಯಕ್ಕ ರಸ್ತೆಗೆ ಜಲ್ಲಿ ಹೊರುವ ಕೆಲಸಕ್ಕೆ ಸೇರಿದಳು. ದಿನಾ ಅದೇ ಅಂಗಡಿಯ ಮುಂದೆ ತಲೆಯ ಮೇಲೆ ಜಲ್ಲಿ ಹೊತ್ತು ಹಾಯುವಳು. ಅವಳು ಈ ಕಡೆ ತಿರುಗುತ್ತಿರಲಿಲ್ಲ. ಇವಳು ಒಲೆಯಿಂದ ಕಣ್ಣು ಕೀಳುತ್ತಿರಲಿಲ್ಲ.

ಗಂಡನಿಗೆ ಒಮ್ಮೆ ಹೇಳಿದಳು. "ಹೋಗಿ ಒಂದು ಮಾತು ಹೇಳಿ ಬಾರೇ, ಅದರಲ್ಲೇನಿದೆ?" ಎಂದ ಅವನು. "ನಿಮಗೇನ್ರೀ, ಹೇಳೋದು ಸುಲಭ" ಎಂದು ಅವನ ಮೇಲೇ ಹರಿಹಾಯ್ದಳು. ಒಂದು ವರ್ಷ ಕಳೆದ ಮೇಲೆ ಹೋದರೆ, ವರ್ಷ ಯಾಕೆ ಬೇಕಾಯಿತು ಎಂಬುದಕ್ಕೂ ಉತ್ತರ ಕೊಡಬೇಕಲ್ಲ! ಐದು ವರ್ಷವಾದ ಮೇಲಂತೂ ಆ ಎರಡು ತಿರುವಿನ ದಾರಿ ಅವಳಿಗೆ ಇನ್ನೂ ದೂರವಾಯಿತು.

ಹೀಗೇ ಇಪ್ಪತ್ತೆರಡು ವರ್ಷ ಕಳೆಯಿತು. ಅಷ್ಟರಲ್ಲಿ ಬೆಟ್ಟದ ಹೊಟ್ಟೆಯೊಳಗೆ ಸುರಂಗ ಕೊರೆದರು. ಲಾರಿಗಳೆಲ್ಲ ಕೆಳಗಿನಿಂದಲೇ ಹಾಯ್ದುಹೋದವು. ಮೇಲಿನ ರಸ್ತೆಯಲ್ಲಿ ಹುಲ್ಲು ಹುಟ್ಟಿತು. ಗಂಡ ಹೆಂಡತಿ ಬಯಲಿಗೆ ಹಿಂದಿರುಗುವುದೆಂದಾಯಿತು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಗಡಿಯಾರದಮ್ಮ ಎರಡು ತಿರುವು ಇಳಿದಳು.

ಮೊಟ್ಟೆಯಕ್ಕ ಬಿಸಿಲಿಗೆ ಕೂತು ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. "ಬಾ, ಕೂತ್ಕೋ" ಎಂದಳು. ತಂಗಿ ಎನ್ನಲಿಲ್ಲ.

"ಅಕ್ಕಾ, ನಿನ್ನ ಮೊಟ್ಟೆ ಚೆನ್ನಾಗೇ ಇತ್ತು. ತಪ್ಪು ನನ್ನದು."

"ಗೊತ್ತು. ನಿಂಗೆ ಯಾವತ್ತು ಗೊತ್ತಾಯ್ತು?"

ಈ ಒಂದು ಪ್ರಶ್ನೆಗೆ ಹೆದರಿಯೇ ಅವಳು ಇಷ್ಟು ವರ್ಷ ಬಂದಿರಲಿಲ್ಲ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಮೂರನೇ ದಿನಕ್ಕೆ."

ಬೇಳೆಯ ಮೇಲೆ ಓಡುತ್ತಿದ್ದ ಬೆರಳು ನಿಂತಿತು. "ಮೂರನೇ ದಿನಕ್ಕೆ ಬಂದಿದ್ರೆ ನಗ್ತಿದ್ದೆ ಕಣೇ. ಆ ಚಳಿಗಾಲ ಪೂರ್ತಿ ಬಾಗಿಲಲ್ಲಿ ಹೆಜ್ಜೆ ಸದ್ದಾದ್ರೆ ನೀನೇ ಅಂದ್ಕೊಳ್ತಿದ್ದೆ."

"ಕ್ಷಮಿಸಿಬಿಡು ಅಕ್ಕಾ."

"ನನ್ನ ಹತ್ರ ಯಾಕೆ ಹೇಳ್ತೀಯ? ನನ್ನ ಕೋಳಿ ಮೇಲೆ ನನಗೇನು ಅನುಮಾನ ಇತ್ತಾ? ಎಲ್ಲಿ ನಿಂತು ಅಂದ್ಯೋ ಅಲ್ಲೇ ನಿಂತು ಹೇಳು. ಕೇಳಿದೋರು ಕೇಳಲಿ."

ಮೊಟ್ಟೆಯಕ್ಕ ಮೊರ ಎತ್ತಿಕೊಂಡು ಒಳಗೆ ಹೋದಳು.

ಗಡಿಯಾರದಮ್ಮ ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದಳು. ಅಂಗಡಿಯ ತಗಡು ಬಿಚ್ಚಲು ಕೆಳಗಿನಿಂದ ಬಂದಿದ್ದ ಇಬ್ಬರು ಗಂಡಸರು ಸೂರಿನ ಮೇಲಿದ್ದರು. ಅವಳು ಬೆಂಚುಗಳ ನಡುವೆ ನಿಂತು, ಮೇಲೆ ನೋಡಿ, "ಸ್ವಲ್ಪ ಕೇಳಿ ಇಲ್ಲಿ. ಮೊಟ್ಟೆಯಕ್ಕನ ಮೊಟ್ಟೆ ಕೆಟ್ಟಿರಲಿಲ್ಲ. ನಾನೇ ಸರಿಯಾಗಿ ಬೇಯಿಸಿರಲಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ" ಎಂದಳು.

ಅವರು ಮುಖ ಮುಖ ನೋಡಿಕೊಂಡರು. "ಯಾವ ಮೊಟ್ಟೆಯಕ್ಕ, ಅಮ್ಮಾ?" ಎಂದ ಒಬ್ಬ.

"ಎರಡು ತಿರುವು ಕೆಳಗೆ ಇದಾಳಲ್ಲ..."

"ನಮಗೆ ಈ ಕಡೆ ಯಾರೂ ಗೊತ್ತಿಲ್ಲಮ್ಮ. ನೀವು ಸ್ವಲ್ಪ ಆ ಕಡೆ ಸರೀರಿ, ತಗಡು ಬೀಳುತ್ತೆ."

ಅವಳು ಸರಿದು ನಿಂತಳು. ತಗಡು ಧಡಾರನೆ ಬಿದ್ದು ಧೂಳೆದ್ದಿತು. ಧೂಳು ಇಳಿದ ಮೇಲೆ, ಅವರು ಕೇಳುತ್ತಾರೋ ಇಲ್ಲವೋ ನೋಡದೆ, ಮೊದಲಿನಿಂದ ಮತ್ತೆ ಹೇಳತೊಡಗಿದಳು.