ಚಂದ್ರಾಮಪ್ಪನ ಹಳೆಯ ಟ್ಯಾಬ್

ಮಹಾರಾಷ್ಟ್ರದ ಅಂಬಡ್‌ನಲ್ಲಿ ನಮ್ಮ ಎದುರಿನ ಕಟ್ಟಡಕ್ಕೆ ಇಂಡಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಗೌಂಡಿ ಚಂದ್ರಾಮಪ್ಪನಿಗೆ, ಹಳೆಯದೆಂದು ಒಂದು ವಸ್ತುವನ್ನು ಬಿಸಾಡುವುದೇ ಗೊತ್ತಿರಲಿಲ್ಲ. ಎಂಜಿನಿಯರ್ ಸಾಹೇಬರು ಬೇಡವೆಂದು ಕೊಟ್ಟ ಆಂಡ್ರಾಯ್ಡ್ ಟ್ಯಾಬನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು, ಭಾನುವಾರ ಮಧ್ಯಾಹ್ನ ಕೆಲಸ ಬಿಟ್ಟೊಡನೆ ನಮ್ಮ ವೈಫೈಗಾಗಿ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದ. ಗೋಡೆಯ ನೇರ ನೋಡುವವನಂತೆ ಒಂದು ಕಣ್ಣು ಮುಚ್ಚಿ ‘ಅಪ್‌ಡೇಟ್’ ಒತ್ತುತ್ತಿದ್ದ. ಅದು ಅರ್ಧಕ್ಕೇ ನಿಂತರೆ, “ನಿಂದರ್ಲಿ ಬಿಡ್ರಿ, ಗ್ವಾಡಿಗೆ ಮೆತ್ತಿದ ಗಿಲಾವ್ ಒಣಗಾಕೂ ಹೊತ್ತು ಬೇಕಲ್ರಿ,” ಎಂದು ಮತ್ತೆ ಒತ್ತುತ್ತಿದ್ದ. ಜಾಗ ಸಾಲದೆಂದರೆ ಪ್ರಾಣವಾಗಿದ್ದ ಭಜನೆಯ ಹಾಡುಗಳನ್ನು ಒಂದೊಂದಾಗಿ ಅಳಿಸುತ್ತಿದ್ದ. ಮೊಬೈಲ್ ಅಂಗಡಿಯ ಅತುಲ್, “ಕಾಕಾ, ನವಾ ಘ್ಯಾ,” ಹೊಸದು ತಗೊಳ್ಳಿ ಎಂದಾಗ ಅಂಗಡಿ ಬದಲಿಸಿದನೇ ಹೊರತು ಟ್ಯಾಬ್ ಬದಲಿಸಲಿಲ್ಲ. “ಮಾತಾಡಾಕ ಬಟನ್ ಫೋನ್ ಐತಲ್ಲೋ, ಇದಕ್ಯಾಕ ಇಷ್ಟು ಹಟ?” ಎಂದು ಒಮ್ಮೆ ಕೇಳಿದೆ. “ನಮ್ಮ ಮಗಳು ರೇಷ್ಮಾಗ ಕಿವಿ ಕೇಳೂದಿಲ್ರಿ, ಮಾತೂ ಬರೂದಿಲ್ರಿ. ಔರಂಗಾಬಾದಿನ ಸಾಲ್ಯಾಗ ಇಟ್ಟೇನಿ. ಕೈ ಕಂಡರಷ್ಟ ನಮ್ಮ ಮಾತು,” ಎಂದ. ಐದನೆಯ ಭಾನುವಾರ ವಿಡಿಯೊ ಕರೆಯ ಆ್ಯಪ್ ಕೊನೆಗೂ ಹೊಸದಾಯಿತು. ಟ್ಯಾಬನ್ನು ನಮ್ಮ ತುಳಸಿಕಟ್ಟೆಗೆ ಒರಗಿಸಿ, ಎರಡೂ ಕೈ ಎತ್ತಿ ಮಗಳೊಡನೆ ಮಾತು ಶುರುಮಾಡಿದ. ಪರದೆಯೊಳಗಿನ ಹುಡುಗಿ ಸ್ವಲ್ಪ ಹೊತ್ತು ಅವನ ಬೆರಳುಗಳನ್ನೇ ನೋಡಿ, ನಗುತ್ತ ಏನೋ ಸನ್ನೆ ಮಾಡಿದಳು. “ಏನಂತಾಳ?” ಎಂದೆ. “ಬೆರಳಿಗೆ ಸಿಮೆಂಟ್ ಹತ್ತೇತಲ್ರಿ, ಸರಿ ಮಡಚಾಕ ಬರವಲ್ದು. ‘ಅಪ್ಪಾ, ತೊದಲಾಕತ್ತೀ, ಕೈ ತೊಳಕೊಂಡು ಬಾ’ ಅಂತಾಳ್ರಿ,” ಎಂದವನೇ ಕಣ್ಣೊರೆಸಿಕೊಳ್ಳುತ್ತ ನಲ್ಲಿಯ ಕಡೆಗೆ ಓಡಿದ.