ತೋಟಾಕ್ಕೆ ಒಂದು ದೀರ್ಘ

ಅಪ್ಪನ ರೈಫಲ್ಲಿನ ನಳಿಗೆ ಸವೆದುಹೋಗಿದೆ ಎಂದು ಮೊದಲು ತೀರ್ಪು ಕೊಟ್ಟವನು ನನ್ನ ಅಣ್ಣ. ಆ ನಳಿಗೆಯೊಳಗೆ ಅವನು ಜನ್ಮದಲ್ಲಿ ಒಮ್ಮೆಯೂ ಕಣ್ಣಿಟ್ಟು ನೋಡಿದವನಲ್ಲ. ಅರಸೀಕೆರೆಯಲ್ಲಿ ನಮ್ಮ ತವರಿನವರದು ತಾತನ ಕಾಲದಿಂದ ಕೊಬ್ಬರಿ ವ್ಯಾಪಾರ. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ಅಣ್ಣನನ್ನು ಮೀರಿಸುವವರಿಲ್ಲ. ಆ ಒಂದು ವಿದ್ಯೆಯ ಬಲದ ಮೇಲೆ ಪ್ರಪಂಚದ ಉಳಿದೆಲ್ಲ ವಿಷಯಕ್ಕೂ ಅವನು ತೀರ್ಪು ಕೊಡುತ್ತಾನೆ.

"ಕೋವಿ ಮುಗೀತು ಕಣೇ. ಹಳೇ ಕೋವಿ ಸಂಗ್ರಹ ಮಾಡೋರೊಬ್ರು ಕೇಳ್ತಾವ್ರೆ, ಗೋಡೆಗೆ ನೇತುಹಾಕ್ಕೊಳ್ಳೋಕೆ. ಕೊಟ್ಬಿಡಾನ" ಎಂದ.

"ನಾನು ಬದುಕಿರೋಗಂಟ ಅದು ಯಾರ ಗೋಡೆಗೂ ಹೋಗಲ್ಲ" ಎಂದೆ.

ಅದು ಪಾಯಿಂಟ್ ಟೂಟೂ ರೈಫಲ್. ಬೇಟೆಯ ಕೋವಿಯಲ್ಲ, ಕಾಗದದ ಗುರಿಗೆ ಹೊಡೆಯುವಂಥದ್ದು. ಅಪ್ಪ ಭಾನುವಾರಗಳಲ್ಲಿ ಜಿಲ್ಲಾ ಕೇಂದ್ರದ ಹತ್ತಿರದ ಒಂದು ಗುರಿ ಮೈದಾನಕ್ಕೆ ಹೋಗುತ್ತಿದ್ದರು, ಜೊತೆಗೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಅಣ್ಣನಿಗೆ ಕೋವಿಯ ಸದ್ದೆಂದರೆ ಆಗುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ನನ್ನ ಹೆಸರಿಗಾಯಿತು. ಅಣ್ಣ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ, ಕೋವಿ ಇಬ್ಬರದೂ ಎಂಬ ಮಾತನ್ನು ನನ್ನ ಬಾಯಲ್ಲಿ ಹೇಳಿಸಿಕೊಂಡಿದ್ದ. ನಾನು ಸೇರಿದ್ದು ಹಳೇಬೀಡಿನ ಹತ್ತಿರದ ಹಳ್ಳಿಯಲ್ಲಿ, ರಾಗಿ ತೆಂಗು ಬೆಳೆಯುವ ಮನೆಗೆ. ಐವತ್ತು ದಾಟಿದ ಹೆಂಗಸು ಭಾನುವಾರ ಪ್ಯಾಂಟು ಹಾಕಿಕೊಂಡು, ಬೋರಲು ಮಲಗಿ ಗುಂಡು ಹೊಡೆಯುತ್ತಾಳೆ ಎಂದು ಮೊದಮೊದಲು ನಮ್ಮೂರವರು ಮೂಗು ಮುರಿದರು. ಮುರಿದ ಮೂಗುಗಳೆಲ್ಲ ಆಮೇಲೆ ತಾವಾಗಿಯೇ ನೆಟ್ಟಗಾದವು.

ತವರಿನಲ್ಲಿ ಅಪ್ಪನ ಕೋಣೆಯ ಗೋಡೆಯ ಮೇಲೆ ಒಂದು ಪುಟ್ಟ ಚೌಕಟ್ಟಿತ್ತು. ಅದರೊಳಗೆ ಗುರಿ ಕಾಗದದ ಸಣ್ಣ ತುಂಡು, ಅದರ ಮೇಲೆ ಗೋಂದು ಹಚ್ಚಿ ಅಂಟಿಸಿದ ಹಳೆಯ ಒಂದು ರೂಪಾಯಿ ಬಿಲ್ಲೆ. ಐವತ್ತು ಮೀಟರ್ ದೂರದಿಂದ ತಾನು ಹೊಡೆದ ಐದೂ ಗುಂಡಿನ ತೂತುಗಳು ಆ ಬಿಲ್ಲೆಯ ಅಡಿಯಲ್ಲಿವೆ ಎಂದು ಅಪ್ಪ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಅದನ್ನು ನೋಡುತ್ತಲೇ ನಾನು ಬೆಳೆದೆ. ಅಣ್ಣ ಈಗ ಅದನ್ನೇ ಹಿಡಿದುಕೊಂಡ.

"ಈ ಆಯುಧಪೂಜೆ ಒಳಗೆ ನೀನೂ ಐದು ಗುಂಡು ಬಿಲ್ಲೆ ಕೆಳಗೆ ಹೊಡ್ದು ತೋರ್ಸು. ಆಮೇಲೆ ಮಾರೋ ಮಾತು ಎತ್ತಲ್ಲ. ಆಗಲಿಲ್ಲಾಂದ್ರೆ ಕೋವಿ ಹೋಯ್ತದೆ, ಅಷ್ಟೆ."

"ಆಗ್ಲಿ ಹೋಗೋ" ಎಂದೆ. ಒಪ್ಪಬಾರದಿತ್ತು. ಸಿಟ್ಟು ಬಂದಾಗ ಒಪ್ಪಿಬಿಡುವುದು ನನ್ನ ಹುಟ್ಟುಗುಣ.

ನಿಜ ಹೇಳಬೇಕೆಂದರೆ ಆಗ ನನ್ನ ಗುಂಡುಗಳು ಕಾಗದದ ಮೇಲೆ ಅಂಗೈಯಗಲ ಚೆದುರುತ್ತಿದ್ದವು. ಮೈದಾನದಲ್ಲಿ ಆಡುವವರೆಲ್ಲ ಗಂಡಸರು, ಅದರಲ್ಲೂ ಸಲಹೆ ಕೊಡುವುದರಲ್ಲಿ ಧಾರಾಳಿಗಳು. "ವಿದೇಶಿ ಗುಂಡಿನ ಡಬ್ಬಿ ತಗೊಂಡ್ ನೋಡಿ ಅಕ್ಕಾ" ಎಂದರು. ಅದರ ಬೆಲೆ ವಿಪರೀತ. ಆದರೂ ಬಾಯಿ ಮುಚ್ಚಿಸೋಣವೆಂದು ಒಂದು ತಂದೆ. ಅದೂ ಚೆದುರಿತು. ಅಲ್ಲಿಗೆ ಅವರೂ ಅಣ್ಣನ ಪಕ್ಷ ಸೇರಿದರು. ಅಷ್ಟು ದುಬಾರಿಯದೇ ಒಂದೆಡೆ ಕೂಡಲಿಲ್ಲ ಎಂದ ಮೇಲೆ ನಳಿಗೆ ಹೋಗಿದೆ, ಇಲ್ಲವೇ ನಿಮ್ಮ ಕೈ ನಡುಗುತ್ತಿದೆ ಎಂದರು. ನಾನು ಅವರ ಮುಂದೆ ಎರಡೂ ಕೈ ಚಾಚಿ ನಿಂತೆ. ನಡುಗುತ್ತಿರಲಿಲ್ಲ.

ಮನೆಗೆ ಬಂದು ಯೋಚಿಸಿದಾಗ ಅಪ್ಪನ ಒಂದು ಅಭ್ಯಾಸ ನೆನಪಾಯಿತು. ಅಂಗಡಿಯಲ್ಲಿ ಡಬ್ಬಿ ಕೈಗೆ ಬಂದ ತಕ್ಷಣ ಅದನ್ನು ತಿರುಗಿಸಿ, ಕಾರ್ಖಾನೆಯವರು ಒತ್ತಿದ ಲಾಟ್ ನಂಬರು ಓದುತ್ತಿದ್ದರು. "ಹೆಸರು ನೋಡ್ಬೇಡ ಮಗಾ, ನಂಬರ್ ನೋಡು" ಎನ್ನುತ್ತಿದ್ದರು. ಹೆಸರು ಒಂದೇ, ಕಾರ್ಖಾನೆ ಒಂದೇ, ಆದರೆ ಒಂದು ಸಲ ತಯಾರಾದ ಸರಕಿನ ಹಾಗೆ ಇನ್ನೊಂದು ಸಲದ್ದು ಇರುವುದಿಲ್ಲ. ಯಾವ ಲಾಟು ಯಾವ ಕೋವಿಗೆ ಹಿಡಿಸುತ್ತದೋ ಹೊಡೆದೇ ನೋಡಬೇಕು. ಒಂದೇ ತೋಟದ ಕಾಯಿಯಾದರೂ ಒಂದು ಕೊಯ್ಲಿನ ಕೊಬ್ಬರಿಯಂತೆ ಇನ್ನೊಂದಿರುವುದಿಲ್ಲ ಎಂದು ದಿನವೂ ರೈತರೊಂದಿಗೆ ವಾದ ಮಾಡುವ ಅಣ್ಣನಿಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಪ್ಪ ಕೊಳ್ಳುತ್ತಿದ್ದ ಅಂಗಡಿಗೇ ಹೋದೆ. ಅಂಗಡಿಯವರಿಗೆ ಈಗ ತುಂಬ ವಯಸ್ಸು. ದೇಶೀ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದ ನನ್ನನ್ನು ಕಂಡು ನಕ್ಕರು. "ನಿಮ್ಮಪ್ಪಾರೂ ಹಿಂಗೇಯ. ನೋಡೋದೆಲ್ಲ ನೋಡಿ, ಕೊನೇಗೆ ಅಗ್ಗದ್ದೇ ತಗೊಂಡೋಗೋರು." ಅವರ ಬೀರುವಿನಲ್ಲಿ ಅಗ್ಗದ ಡಬ್ಬಿಗಳು ಮೂರು ಬೇರೆ ಬೇರೆ ಲಾಟಿನವು ಇದ್ದವು. ಮೂರರಲ್ಲೂ ಒಂದೊಂದು ತೆಗೆದುಕೊಂಡೆ. ಅವರು ನನ್ನ ಲೈಸೆನ್ಸ್ ಪುಸ್ತಕದಲ್ಲಿ ಬರೆದು, "ಈ ವರ್ಷದ ಮಿತಿ ಇಲ್ಲಿಗೆ ಮುಗೀತಮ್ಮ" ಎಂದರು. ವರ್ಷಕ್ಕೆ ಇಷ್ಟೇ ಕೊಳ್ಳಬಹುದು ಎಂದು ಪುಸ್ತಕದಲ್ಲಿ ನಮೂದಾಗಿರುತ್ತದೆ. ಅದನ್ನು ಮೀರಿ ಒಂದನ್ನೂ ಅವರು ಮಾರುವಂತಿಲ್ಲ.

ಮೊದಲ ಲಾಟು ಚೆದುರಿತು. ಎರಡನೆಯದು ಅದಕ್ಕಿಂತ ಕೆಟ್ಟದಾಗಿ ಚೆದುರಿತು. ಮೂರನೆಯದರಲ್ಲಿ ಐದು ಹೊಡೆದು ಕಾಗದ ತಂದು ನೋಡಿದರೆ, ತೂತುಗಳು ಒಂದರ ಮೇಲೊಂದು ಹತ್ತಿ ಕೂತಿವೆ! ಕಿರುಚಿಕೊಂಡೆ. ಮತ್ತೆ ಐದು, ಮತ್ತೆ ಅಲ್ಲಿಯೇ. ನಳಿಗೆ ಸವೆದಿರಲಿಲ್ಲ, ನನ್ನ ಕೈ ನಡುಗಿರಲಿಲ್ಲ. ಆ ಖುಷಿಯಲ್ಲಿ ಹೊಡೆಯುತ್ತಲೇ ಹೋದೆ. ಐದನ್ನು ಉಳಿಸಿಕೊಳ್ಳಬೇಕೆಂಬ ಬುದ್ಧಿ ಬಂದಾಗ ಡಬ್ಬಿ ಖಾಲಿಯಾಗಿತ್ತು. ಅಣ್ಣನಿಗೆ ಫೋಟೋ ಕಳಿಸಿದರೆ, "ಫೋಟೋ ಯಾರ್ ಬೇಕಾದ್ರೂ ಕಳಿಸ್ತಾರೆ. ನನ್ ಕಣ್ಮುಂದೆ ಹೊಡಿ" ಎಂದ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆನೇನೋ. ಆದರೂ ಉರಿದುಹೋಯಿತು.

ಇನ್ನು ಉಳಿದದ್ದು ಒಂದೇ ದಾರಿ, ಮಿತಿ ಹೆಚ್ಚಿಸಿಕೊಡಿ ಎಂದು ಅರ್ಜಿ ಹಾಕುವುದು. ಆ ಲಾಟಿನ ಉಳಿದ ಡಬ್ಬಿಗಳನ್ನು ಹಬ್ಬದವರೆಗೆ ಎತ್ತಿಟ್ಟಿರುತ್ತೇನೆ ಎಂದು ಅಂಗಡಿಯವರು ಮಾತು ಕೊಟ್ಟರು. ರಾತ್ರಿ ಊಟದ ಮೇಲೆ ಅರ್ಜಿ ಬರೆಯುತ್ತಿದ್ದಾಗ ನಮ್ಮ ಮನೆಯವರು ಇಣುಕಿ ನೋಡಿ, ಇಂಗ್ಲಿಷಿನಲ್ಲಿ ಬರೆದರೆ ಬೇಗ ಆಗುತ್ತದೆ ಎಂದರು. ನಾನು ಕೇಳಲಿಲ್ಲ. ಗುಂಡು, ಮದ್ದು, ಹಿತ್ತಾಳೆಯ ಕೊಳವೆ ಎಲ್ಲ ಸೇರಿದ ಆ ಪುಟ್ಟ ವಸ್ತುವಿಗೆ ಅಪ್ಪ ತೋಟಾ ಎನ್ನುತ್ತಿದ್ದರು. ಅವರ ಕಾಲದಲ್ಲಿ ಎಲ್ಲರೂ ಅನ್ನುತ್ತಿದ್ದರು. ಹಾಗಾಗಿ ನನ್ನ ವಾರ್ಷಿಕ ತೋಟಾ ಮಿತಿಯನ್ನು ಹೆಚ್ಚಿಸಿಕೊಡಬೇಕು ಎಂದು ದುಂಡಗೆ ಬರೆದು ಕಳಿಸಿದೆ.

ಒಂದು ತಿಂಗಳ ಮೇಲೆ ಒಂದು ಬೆಳಿಗ್ಗೆ, ಬೇಲೂರಿನ ಕಡೆಯ ಬಸ್ಸಿನಿಂದ ಇಳಿದವರೊಬ್ಬರು ಅಳತೆಯ ಟೇಪು, ನಕ್ಷೆ ಹಿಡಿದುಕೊಂಡು ನಮ್ಮ ತೆಂಗಿನ ತೋಟಕ್ಕೇ ಬಂದರು. ಸರ್ವೆಯವರು.

"ಎಷ್ಟು ಹೆಚ್ಚಿಸ್ಬೇಕಮ್ಮಾ? ಯಾವ ಕಡೆಗೆ?"

"ಏನನ್ನ?"

"ನಿಮ್ಮ ತೋಟದ ಮಿತಿನ. ಅರ್ಜಿ ಹಾಕಿದ್ದೀರಲ್ಲ."

ನಾನು ಬಾಯಿ ಬಿಡುವುದರೊಳಗೆ ಬದುವಿನ ಆಚೆಯಿಂದ ಪಕ್ಕದ ಜಮೀನಿನವರು ಪಂಚೆ ಎತ್ತಿಕಟ್ಟಿಕೊಂಡು ಬಂದೇಬಿಟ್ಟರು. "ಏನ್ ಕಣವ್ವ, ಇಪ್ಪತ್ತು ವರ್ಷದಿಂದ ಅಕ್ಕಪಕ್ಕ ಬಾಳಿದೀವಿ, ಈಗ ನನ್ ಬದಕ್ಕೆ ಕೈ ಹಾಕ್ತೀಯಾ? ಒಂದ್ ಗೇಣು ಈಚೆ ಬಾ ನೋಡಾನ!" ಎಂದು ಕೂಗಾಡಿದರು. ನನ್ನ ಅರ್ಜಿಯ ನಕಲು ತಂದು ಇಬ್ಬರಿಗೂ ಓದಿ ಹೇಳಿ, ಕಾಫಿ ಕುಡಿಸಿ ಸಮಾಧಾನ ಮಾಡುವ ಹೊತ್ತಿಗೆ ಬಿಸಿಲೇರಿತ್ತು. ಎಲ್ಲೋ ಒಬ್ಬರು ನನ್ನ ತೋಟಾವನ್ನು ಕಂಪ್ಯೂಟರಿಗೆ ಏರಿಸುವಾಗ ದೀರ್ಘ ಬಿಟ್ಟು ತೋಟ ಮಾಡಿದ್ದರು. ಊರ ತುಂಬ ತೆಂಗಿನ ತೋಟವೇ ಇರುವಾಗ ಪಾಪ, ಅವರಿಗೆ ಇನ್ನೇನು ಹೊಳೆಯಬೇಕು? ಪಕ್ಕದವರು ಹೊರಡುವಾಗ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಹಬ್ಬಕ್ಕೆ ಮೂರು ವಾರ ಉಳಿದಿತ್ತು.

ಅರ್ಜಿ ಹೀಗೆ ದಾರಿ ತಪ್ಪಿದ್ದು ಯಾವ ಕಚೇರಿಯಲ್ಲಿ ಎಂದು ನಾನು ಹೇಳುವುದಿಲ್ಲ. ಮಾರನೆಯ ದಿನ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿ ಹೋಗಿ ನಿಂತೆ. ಗುಮಾಸ್ತರು ನನ್ನ ಕಡತ ಹುಡುಕಿ ತೆಗೆದು, ಓದಿ, ಮುಖ ಸಿಂಡರಿಸಿದರು.

"ತೋಟಾ ಅಂದ್ರೆ ಈಗ ಯಾರ್ಗೆ ಗೊತ್ತಾಗುತ್ತೆ ಮೇಡಂ? ಕಾರ್ಟ್ರಿಡ್ಜ್ ಅಂತ ಇಂಗ್ಲಿಷಲ್ಲಿ ಬರೆದು ಹೊಸ ಅರ್ಜಿ ಕೊಟ್ಬಿಡಿ. ಇದನ್ನ ಕ್ಲೋಸ್ ಮಾಡ್ತೀವಿ."

ಹೊಸ ಅರ್ಜಿ ಎಂದರೆ ಮೊದಲಿಂದ ಎಲ್ಲ ಶುರು. ಅಷ್ಟರಲ್ಲಿ ಹಬ್ಬ ಮುಗಿದು ಕೋವಿ ಯಾರದೋ ಗೋಡೆಯ ಮೇಲಿರುತ್ತದೆ.

"ದೀರ್ಘ ನುಂಗಿದೋರು ಒಳಗಿರೋರು, ಹೊಸ ಅರ್ಜಿ ಬರಿಯೋಳು ನಾನಾ? ಬರೆಯಲ್ಲ ಕಣ್ರೀ" ಎಂದೆ. "ನಾನು ಬರೆದಿರೋದು ಕನ್ನಡ, ನೀವು ಓದೋದೂ ಕನ್ನಡ. ಸರಿಯಾಗಿ ಓದಿ."

"ಹಂಗೆಲ್ಲ ಮಧ್ಯದಲ್ಲಿ ತಿದ್ದೋಕೆ ಬರಲ್ಲ."

"ಬರೋವರೆಗೂ ಕೂತಿರ್ತೀನಿ."

ಕೂತೆ. ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದರು, ನಾನೂ ಚೀಲದಿಂದ ರೊಟ್ಟಿ ತೆಗೆದು ತಿಂದೆ. ಆಮೇಲೆ ಗುಮಾಸ್ತರು ನನ್ನ ಕಡೆ ನೋಡುವುದನ್ನೇ ಬಿಟ್ಟರು. ಮೂರು ಗಂಟೆಯ ಹೊತ್ತಿಗೆ ಅವರ ಮೇಲಧಿಕಾರಿ, ನನ್ನ ಅರ್ಧ ವಯಸ್ಸಿನ ಹೆಣ್ಣುಮಗಳು, ಹೊರಗಿನಿಂದ ಬಂದವರು ಏನೆಂದು ಕೇಳಿದರು. ನಾನು ಅಪ್ಪನ ಹಳೆಯ ಲೈಸೆನ್ಸ್ ಪುಸ್ತಕವನ್ನು ಅವರ ಮುಂದೆ ಬಿಚ್ಚಿಟ್ಟೆ. ಅದರಲ್ಲಿ ಯಾವ ಕಾಲದ್ದೋ ಒಬ್ಬ ಅಧಿಕಾರಿ ಹಸಿರು ಶಾಯಿಯಲ್ಲಿ, ತೋಟಾ ಎಂದು ದೀರ್ಘವನ್ನು ಬಾಲದ ಹಾಗೆ ಉದ್ದಕ್ಕೆ ಎಳೆದು ಬರೆದಿದ್ದರು. ಆಕೆ ಅದನ್ನು ನೋಡಿದರು, ಕಡತ ನೋಡಿದರು, ಸರ್ವೆಯ ವರದಿ ಓದಿ ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಂಡರು. ಆಮೇಲೆ ತಮ್ಮ ಪೆನ್ನಿನಿಂದಲೇ ಒಂದು ದೀರ್ಘ ಎಳೆದು, ಪಕ್ಕದಲ್ಲಿ ಸಹಿ ಹಾಕಿ, "ನಮ್ಮಜ್ಜನೂ ತೋಟಾ ಅಂತಿದ್ರು" ಎಂದರು. ಎರಡು ವಾರ ಕಳೆಯುವುದರೊಳಗೆ ನನ್ನ ಪುಸ್ತಕದಲ್ಲಿ ಹೊಸ ಮಿತಿ ನಮೂದಾಯಿತು. ಅಂಗಡಿಯವರು ಮಾತಿಗೆ ತಪ್ಪಿರಲಿಲ್ಲ. ಅದೇ ನಂಬರಿನ ಡಬ್ಬಿಗಳನ್ನು ಕಾಗದ ಸುತ್ತಿ ಎತ್ತಿಟ್ಟಿದ್ದರು.

ಹಬ್ಬದ ಹಿಂದಿನ ಭಾನುವಾರ ಅಣ್ಣ ಮೈದಾನಕ್ಕೆ ಬಂದ. ಕಿವಿಗೆ ಹತ್ತಿ, ಕಂಕುಳಲ್ಲಿ ಟವೆಲ್ ಸುತ್ತಿದ ಅಪ್ಪನ ಚೌಕಟ್ಟು. ಅಳೆಯುವುದಾದರೆ ಅದೇ ಬಿಲ್ಲೆಯಲ್ಲಿ ಅಳೆಯಬೇಕು ಎಂದ. ನಾನು ಮಲಗಿದೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ಎಲ್ಲಿ ಹೋದವೆಂದು ನೋಡದೆಯೇ ನನಗೆ ಗೊತ್ತಿತ್ತು. ಐದನೆಯದಕ್ಕೆ ಕೋವಿಯ ಕುದುರೆಗೆ ಬೆರಳಿಟ್ಟು ಎಳೆಯುವಾಗ, ಗೆದ್ದ ಮೇಲೆ ಅಣ್ಣನ ಮುಖ ಹೇಗಿರುತ್ತದೆ ಎಂದು ಯೋಚಿಸಿದೆ. ಎಳೆದ ಕ್ಷಣವೇ ತಪ್ಪಿದೆನೆಂದು ತಿಳಿಯಿತು.

ಕಾಗದ ತಂದೆವು. ನಾಲ್ಕು ತೂತು ಒಂದೇ ಗುಂಪಿನಲ್ಲಿದ್ದವು. ಐದನೆಯದು ಅರ್ಧ ಬೆರಳುದ್ದ ಆಚೆಗಿತ್ತು.

"ನಾಲ್ಕು" ಎಂದ ಅಣ್ಣ.

"ಐದನೇದು ನಂದು. ಕೋವೀದಲ್ಲ, ತೋಟಾದ್ದೂ ಅಲ್ಲ. ನಾನ್ ಮಾಡಿದ್ ತಪ್ಪು" ಎಂದೆ. ಕೋವಿ ಹೋಯಿತೆಂದೇ ತಿಳಿದೆ.

ಅವನು ಬಿಲ್ಲೆಯಿಟ್ಟು ಅಳೆಯಲೆಂದು ಚೌಕಟ್ಟಿನ ಹಿಂಬದಿ ಬಿಚ್ಚಿ, ಕಾಗದದ ತುಂಡನ್ನು ಹೊರತೆಗೆದು, ಕಾರಿನ ಕೀಲಿಯಿಂದ ಬಿಲ್ಲೆಯನ್ನು ಮೀಟಿದ. ಗೋಂದು ಒಣಗಿತ್ತು, ಟಪ್ಪೆಂದು ಬಂತು. ಬಿಲ್ಲೆಯ ಅಡಿಯಲ್ಲಿ ತೂತುಗಳಿದ್ದವು. ಅಣ್ಣ ಎಣಿಸಿದ. ನಾನು ಎಣಿಸಿದೆ. ನಾಲ್ಕು. ಚೌಕಟ್ಟಿನ ಪಟ್ಟಿಯೊಳಗೆ ಇಷ್ಟು ವರ್ಷ ಮರೆಯಾಗಿದ್ದ ಕಾಗದದ ಅಂಚಿನಲ್ಲಿ, ಕತ್ತರಿ ಹಾಯ್ದ ಜಾಗದಲ್ಲಿ, ಅರ್ಧ ತೂತು ಇತ್ತು. ಉಳಿದರ್ಧವನ್ನು ಅಪ್ಪ ಕತ್ತರಿಸಿ ಎಸೆದಿದ್ದರು.

ಅಣ್ಣ ಮೊದಲು ನಕ್ಕ. ಬಗ್ಗಿ ಮಂಡಿ ಹಿಡಿದುಕೊಂಡು ನಕ್ಕ. ನನಗೆ ಅಪ್ಪನ ಮೇಲೆ ಕಡುಕೋಪ ಬಂತು. ಆ ಬಿಲ್ಲೆಯನ್ನು ನಂಬಿ ನಾನು ಎಷ್ಟು ಭಾನುವಾರ ನನ್ನ ಕೈಯನ್ನು ಬೈದುಕೊಂಡಿದ್ದೆ! ನಕ್ಕು ಸುಸ್ತಾದ ಮೇಲೆ ಅಣ್ಣ ಕಣ್ಣೊರೆಸಿಕೊಂಡು, ತಗ್ಗಿದ ದನಿಯಲ್ಲಿ, "ಕತ್ತರಿ ಐತೇನೇ? ನಿಂದೂ ಅಂಚು ಕತ್ತರಿಸಿ ಬಿಲ್ಲೆ ಅಂಟಿಸ್ಬಿಡಾನ. ಐದೂ ಕೆಳಗವೆ ಅಂತ ಊರಿಗೆಲ್ಲ ನಾನೇ ಹೇಳ್ತೀನಿ" ಎಂದ. ಅದು ಅವನು ಸೋತ ಬಗೆ. ನನಗದು ಅರ್ಥವಾಯಿತು.

"ಕತ್ತರಿ ಮುಟ್ಟಿ ನೋಡು, ಕೈ ಮುರೀತೀನಿ" ಎಂದೆ.

ಆಯುಧಪೂಜೆಯ ದಿನ ಚೆಂಡುಹೂವಿನ ಹಾರ ತಂದವನು ಅವನೇ. ಕೋವಿಗೆ ಕುಂಕುಮ ಇಟ್ಟವನೂ ಅವನೇ. ನನ್ನ ಕಾಗದ ಈಗ ಹಳೇಬೀಡಿನ ಕಡೆಯ ನನ್ನ ಮನೆಯ ನಡುಮನೆಯಲ್ಲಿದೆ. ನಾಲ್ಕೂ ಅಂಚು ಪೂರ್ತಿ, ಮೇಲೆ ಬಿಲ್ಲೆಯಿಲ್ಲ. ಬಂದವರು ಮೊದಲು ಬೆರಳಿಡುವುದು ಆಚೆ ಬಿದ್ದ ಆ ಐದನೆಯ ತೂತಿನ ಮೇಲೆಯೇ. ಅದರ ಪಕ್ಕದಲ್ಲಿ ನಾನು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ: ಇದು ನಂದು.